ಲಿಲ್ಲಿ ಹೂವಿನ ಮುಖ ಎತ್ತ ಇದೆ ನೋಡಿ: ಮಲೆನಾಡಿನ ಅಂಗಳಕ್ಕೊಂದು ಮಾರ್ಗದರ್ಶಿ

ಐದಾರು ವರ್ಷದ ಹಿಂದೆ ಶಿವಮೊಗ್ಗದ ನರ್ಸರಿಯೊಂದರಿಂದ ಹನ್ನೆರಡು ಲಿಲ್ಲಿ ಗೆಡ್ಡೆ ತಂದಿದ್ದೆ. ಪೊಟ್ಟಣದ ಮೇಲಿದ್ದ ಕಿತ್ತಳೆ ಬಣ್ಣಕ್ಕೆ ಮನಸೋತು ತಂದದ್ದು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಂಗಳದಲ್ಲಿ ಏಪ್ರಿಲ್‌ನಲ್ಲಿ ನೆಟ್ಟೆ. ಮೊಗ್ಗು ಬಿರಿದದ್ದು ಜೂನ್ ಕೊನೆಗೆ, ಸರಿಯಾಗಿ ಆರಿದ್ರಾ ಮಳೆ ಹಿಡಿದ ವಾರ. ಬೆಳಿಗ್ಗೆ ಎದ್ದು ನೋಡಿದರೆ ಒಂದೊಂದು ಹೂವೂ ನೀರು ತುಂಬಿದ ಬಟ್ಟಲು. ಪರಾಗ ಕರಗಿ ಎಸಳಿನ ಮೇಲೆ ಕಂದು ಗೆರೆ ಇಳಿದಿತ್ತು. ಎರಡೇ ದಿನಕ್ಕೆ ಎಸಳು ಬುಡದಲ್ಲಿ ಕೊಳೆತು ಒಂದೊಂದಾಗಿ ಜಾರಿತು.

ಜುಲೈನಲ್ಲಿ ಹಿಂದಿನ ಬೇಲಿಯಲ್ಲಿ, ಯಾರೂ ನೆಡದ ಗೌರಿ ಹೂವಿನ ಬಳ್ಳಿ ಅರಳಿತು. ಅದೇ ಮಳೆ, ಅದೇ ಗಾಳಿ. ವಾರ ಕಳೆದರೂ ಹೂವಿಗೆ ಒಂದು ಕಲೆ ಇಲ್ಲ. ಎರಡರ ನಡುವಿನ ವ್ಯತ್ಯಾಸ ಹುಡುಕುತ್ತಾ ಹೋದಾಗ ಕಂಡದ್ದು ಒಂದೇ ವಿಷಯ. ನನ್ನ ಲಿಲ್ಲಿ ಆಕಾಶ ನೋಡುತ್ತಿತ್ತು, ಗೌರಿ ಹೂ ನೆಲ ನೋಡುತ್ತಿತ್ತು.

ಅವತ್ತಿನಿಂದ ನಾನು ಲಿಲ್ಲಿಯನ್ನು ಬಣ್ಣ ನೋಡಿ ತರುವುದಿಲ್ಲ. ಆಕಾರ ನೋಡುತ್ತೇನೆ, ಮುಖ ಎತ್ತ ಇದೆ ಅಂತ ನೋಡುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಶಿವಮೊಗ್ಗ ನಗರದಲ್ಲಿ ಅದರ ಕಾಲುಭಾಗವೂ ಇಲ್ಲ. ಒಂದೇ ಜಿಲ್ಲೆಯೊಳಗೆ ಇಷ್ಟು ಅಂತರ ಇರುವಾಗ, ಪೇಟೆಯ ತಾರಸಿಯಲ್ಲಿ ಚೆನ್ನಾಗಿ ಬಂದ ಲಿಲ್ಲಿ ಹೊಸನಗರದ ಅಂಗಳದಲ್ಲಿ ಬರದೇ ಇದ್ದರೆ ಆಶ್ಚರ್ಯ ಇಲ್ಲ, ಅಲ್ವಾ?

ಮೊದಲು, ನಿಮ್ಮ ಕೈಲಿರುವುದು ಯಾವ ಲಿಲ್ಲಿ?

ನಮ್ಮಲ್ಲಿ ಗೆಡ್ಡೆಯಿಂದ ಬರುವ ಚಂದದ ಹೂವಿಗೆಲ್ಲ ಲಿಲ್ಲಿ ಅನ್ನುವುದು ರೂಢಿ. ಕರೆಯುವುದಕ್ಕೆ ತೊಂದರೆ ಇಲ್ಲ, ನೆಡುವಾಗ ಮಾತ್ರ ವ್ಯತ್ಯಾಸ ಗೊತ್ತಿರಬೇಕು. ಗೆಡ್ಡೆಯನ್ನು ಕೈಯಲ್ಲಿ ಹಿಡಿದು ನೋಡಿ. ಬೆಳ್ಳುಳ್ಳಿ ಎಸಳಿನ ಹಾಗೆ ದಪ್ಪ ದಪ್ಪ ಬಿಳಿ ಪದರಗಳು ಬಿಡಿಬಿಡಿಯಾಗಿ ಜೋಡಿಸಿಕೊಂಡಿದ್ದು, ಹೊರಗೆ ಸಿಪ್ಪೆಯೇ ಇಲ್ಲದಿದ್ದರೆ ಅದು ನಿಜವಾದ ಲಿಲ್ಲಿ, ಲಿಲಿಯಂ ಕುಲದ್ದು. ಈರುಳ್ಳಿಯ ಹಾಗೆ ಒಣ ಸಿಪ್ಪೆ ಹೊದ್ದಿದ್ದರೆ ಅದು ಬೇರೆ ಕುಟುಂಬ. ನಮ್ಮ ಹಳೇ ಮನೆಗಳ ಮುಂದೆ ಬೇಸಿಗೆಯಲ್ಲಿ ಕೆಂಪಗೆ ಅರಳುವ ಹಿಪ್ಪಿಯಾಸ್ಟ್ರಮ್, ಮೊದಲ ಮಳೆಗೆ ಏಳುವ ರೈನ್ ಲಿಲ್ಲಿ, ಸ್ಪೈಡರ್ ಲಿಲ್ಲಿ ಎಲ್ಲ ಆ ಕಡೆಯವು. ಗೌರಿ ಹೂವಿಗೆ ನೇಗಿಲಿನ ಹಾಗೆ ಬಾಗಿದ ಗೆಡ್ಡೆ. ಡೇ ಲಿಲ್ಲಿಗೆ ಗೆಡ್ಡೆಯೇ ಇಲ್ಲ, ದಪ್ಪ ಬೇರಿನ ಗುಂಪು ಅಷ್ಟೇ.

ಸಿಪ್ಪೆ ಇಲ್ಲದ ಗೆಡ್ಡೆ ಬೇಗ ಒಣಗುತ್ತದೆ. ಹಾಗಾಗಿ ನಿಜವಾದ ಲಿಲ್ಲಿ ತಂದರೆ ಎರಡು ಮೂರು ದಿನದೊಳಗೆ ಮಣ್ಣಿಗೆ ಹಾಕಿ. ಹಿಪ್ಪಿಯಾಸ್ಟ್ರಮ್ ಗೆಡ್ಡೆ ತಿಂಗಳು ಕಾದರೂ ಕಾಯುತ್ತದೆ.

ಆಕಾರ ಓದುವುದು

ಲಿಲ್ಲಿಯ ಹೊಸ ತಳಿಗಳ ನೋಂದಣಿ ನೋಡಿಕೊಳ್ಳುವುದು ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ. ಅವರು ಪ್ರತಿ ತಳಿಗೂ ಎರಡು ವಿಷಯ ಬರೆದಿಡುತ್ತಾರೆ. ಹೂ ಮೇಲೆ ನೋಡುತ್ತದೋ, ಪಕ್ಕಕ್ಕೋ, ಕೆಳಕ್ಕೋ ಎನ್ನುವುದು ಒಂದು. ಆಕಾರ ಕಹಳೆಯೋ, ಬಟ್ಟಲೋ, ಚಪ್ಪಟೆಯೋ, ಎಸಳು ಹಿಂದಕ್ಕೆ ಮಡಚಿದ್ದೋ ಎನ್ನುವುದು ಇನ್ನೊಂದು. ನಮಗೂ ಬೇಕಾದದ್ದು ಇಷ್ಟೇ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ನರ್ಸರಿಗೆ ಹೋಗಿ.

ಕಹಳೆ ಆಕಾರದ್ದು ನನಗೆ ಬಹಳ ಪ್ರೀತಿ. ಈಸ್ಟರ್ ಲಿಲ್ಲಿ ಅಂತ ಸಿಗುವ ಬಿಳಿ ಲಾಂಗಿಫ್ಲೋರಮ್ ಇದಕ್ಕೆ ಸರಿಯಾದ ಉದಾಹರಣೆ. ಜಪಾನಿನ ದಕ್ಷಿಣದ ದ್ವೀಪಗಳು ಮತ್ತು ತೈವಾನ್ ಅದರ ತವರು. ಬೆಚ್ಚಗಿನ ದ್ವೀಪದಿಂದ ಬಂದದ್ದರಿಂದಲೇ ನಮ್ಮ ಹವೆಗೆ ಇದು ಬೇರೆ ಲಿಲ್ಲಿಗಳಿಗಿಂತ ಬೇಗ ಹೊಂದಿಕೊಳ್ಳುತ್ತದೆ. ಉದ್ದನೆಯ ಬಿಳಿ ಕೊಳವೆ, ತುದಿಯಲ್ಲಿ ಮಾತ್ರ ಸ್ವಲ್ಪ ಹೊರಳಿದ ಎಸಳು, ಮುಖ ಪಕ್ಕಕ್ಕೆ. ಸಂಜೆ ಆಗುತ್ತಿದ್ದಂತೆ ವಾಸನೆ ಜಾಸ್ತಿ ಆಗುತ್ತದೆ. ಬಿಳಿ ಬಣ್ಣ, ಉದ್ದ ಕೊಳವೆ, ಸಂಜೆಯ ಪರಿಮಳ ಇವು ಮೂರೂ ಒಟ್ಟಿಗೆ ಇದ್ದರೆ ಆ ಹೂ ಕಾಯುತ್ತಿರುವುದು ಉದ್ದ ನಾಲಿಗೆಯ ಪತಂಗಕ್ಕೆ. ಕತ್ತಲಲ್ಲಿ ಟಾರ್ಚ್ ಹಿಡಿಯದೆ ಸುಮ್ನೆ ಜಗಲಿಯಲ್ಲಿ ಕೂತಿರಿ. ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ನಿಂತಲ್ಲೇ ನಿಂತು ಹೀರುವ ಪತಂಗವನ್ನು ಒಂದಲ್ಲ ಒಂದು ದಿನ ನೋಡುತ್ತೀರಿ.

ಕಹಳೆ ಲಿಲ್ಲಿಯಲ್ಲಿ ನಮ್ಮ ದಕ್ಷಿಣ ಭಾರತದ್ದೇ ಒಂದಿದೆ. ನೀಲಗಿರಿ, ಪಳನಿ ಬೆಟ್ಟಗಳ ಹುಲ್ಲುಗಾವಲಿನ ಬಿಳಿ ನೀಲಗಿರಿ ಲಿಲ್ಲಿ. ಎಲ್ಲಾದರೂ ಕಂಡರೆ ಫೋಟೋ ತೆಗೆದುಕೊಂಡು ಬನ್ನಿ, ದಯವಿಟ್ಟು ಗೆಡ್ಡೆ ಕೀಳಬೇಡಿ. ಕಹಳೆಯ ಆಸೆ ತೀರಿಸಿಕೊಳ್ಳಲು ಹಿಪ್ಪಿಯಾಸ್ಟ್ರಮ್ ಇದೆ. ಟೊಳ್ಳು ದಂಟಿನ ತುದಿಯಲ್ಲಿ ಎರಡರಿಂದ ನಾಲ್ಕು ಹೂ, ಒಂದಕ್ಕೊಂದು ಬೆನ್ನು ಕೊಟ್ಟು ನಿಂತ ಹಾಗೆ. ಇದು ಮಳೆಗೆ ಮುಂಚೆಯೇ ಅರಳಿ ಮುಗಿಯುವುದರಿಂದ ನೀರು ತುಂಬುವ ಚಿಂತೆ ಇಲ್ಲ.

ಬಟ್ಟಲು ಆಕಾರದವು ಓರಿಯೆಂಟಲ್ ಲಿಲ್ಲಿಗಳು. ಜಪಾನಿನ ಬೆಟ್ಟದ ಆರೇಟಮ್ ಲಿಲ್ಲಿಯ ಮಕ್ಕಳು ಮರಿಗಳು ಇವು. ಅಂಗೈಗಿಂತ ಅಗಲದ ಹೂ, ಎಸಳಿನ ಮೇಲೆ ಚುಕ್ಕೆ, ಕೋಣೆ ತುಂಬುವ ವಾಸನೆ. ಏಷಿಯಾಟಿಕ್ ತಳಿಗಳಲ್ಲಿ ತುಂಬ ತಳಿಗಳು ನೇರ ಮೇಲೆ ನೋಡುತ್ತವೆ, ನಕ್ಷತ್ರದ ಹಾಗೆ ಬಿಚ್ಚಿಕೊಳ್ಳುತ್ತವೆ, ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಎರಡೂ ಚಂದ. ಆದರೆ ಮಳೆಗಾಲದಲ್ಲಿ ಬಯಲಲ್ಲಿ ಇಡಬೇಡಿ, ನನ್ನ ಹನ್ನೆರಡು ಗೆಡ್ಡೆಯ ಕತೆ ಹೇಳಿದೆನಲ್ಲ. ಇವುಗಳ ಕಾಲವನ್ನೇ ಬದಲಿಸಬೇಕು, ಅದನ್ನು ಮುಂದೆ ಹೇಳುತ್ತೇನೆ.

ಇನ್ನು ಎಸಳು ಹಿಂದಕ್ಕೆ ಮಡಚಿದವು. ಇಂಗ್ಲಿಷಿನವರು ಇದನ್ನು ತುರ್ಕರ ಟೊಪ್ಪಿ ಅನ್ನುತ್ತಾರೆ, ನಮ್ಮ ಕಣ್ಣಿಗೆ ಮುಂಡಾಸು. ಟೈಗರ್ ಲಿಲ್ಲಿ ಈ ಗುಂಪಿನದು. ಕಿತ್ತಳೆ ಎಸಳು, ಕಪ್ಪು ಚುಕ್ಕೆ, ನೆಲ ನೋಡುವ ಮುಖ. ಎಲೆ ಕಾಂಡ ಸೇರುವ ಸಂದಿಯಲ್ಲಿ ಮೆಣಸಿನ ಕಾಳಿನ ಹಾಗೆ ಕಪ್ಪು ಮರಿಗೆಡ್ಡೆ ಕಟ್ಟುತ್ತದೆ. ಅದನ್ನು ಉದುರಿಸಿ ಕುಂಡದಲ್ಲಿ ಅರ್ಧ ಇಂಚು ಮಣ್ಣು ಮುಚ್ಚಿದರೆ ಗಿಡ ಆಗುತ್ತದೆ, ಹೂವಿಗೆ ಎರಡು ಮೂರು ವರ್ಷ ಕಾಯಬೇಕು.

ಮುಂಡಾಸಿನ ಆಕಾರಕ್ಕೆ ನಮ್ಮ ಬೇಲಿಯಲ್ಲೇ ಇರುವ ಗೌರಿ ಹೂವನ್ನು ಮೀರಿಸುವುದು ಕಷ್ಟ. ಅಗ್ನಿಶಿಖೆ ಅಂತಲೂ ಕರೆಯುವ ಇದು ತಮಿಳುನಾಡಿನ ರಾಜ್ಯ ಹೂ, ಜಿಂಬಾಬ್ವೆಯ ರಾಷ್ಟ್ರೀಯ ಹೂ. ಒಂದು ಮೊಗ್ಗನ್ನು ಆರಿಸಿಕೊಂಡು ದಿನಾ ನೋಡಿ. ಮೊದಲು ಹಸಿರಾಗಿ ಕೆಳಗೆ ಜೋತಾಡುತ್ತದೆ, ಆರು ಎಸಳೂ ನೆಲದ ಕಡೆ ಕೂಡಿಕೊಂಡಿರುತ್ತವೆ. ನಂತರ ಎಸಳು ನಿಧಾನಕ್ಕೆ ಪಕ್ಕಕ್ಕೆ ಬಿಚ್ಚಿ, ಅಲ್ಲಿಂದ ಹಿಂದಕ್ಕೆ ಮೇಲಕ್ಕೆ ಬಾಗಿ, ಒಲೆಯ ಉರಿಯ ಹಾಗೆ ನೆಟ್ಟಗೆ ನಿಲ್ಲುತ್ತವೆ. ಅಂಚು ಅಲೆ ಅಲೆ. ಬುಡ ಹಳದಿ, ತುದಿ ಕೆಂಪು, ದಿನ ಕಳೆದಂತೆ ಕೆಂಪು ಕೆಳಗಿಳಿದು ಇಡೀ ಹೂ ಕೆಂಪಾಗುತ್ತದೆ. ಆರು ಕೇಸರಗಳು ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ಚಾಚಿಕೊಳ್ಳುತ್ತವೆ. ನಡುವಿನ ಹೆಣ್ಣು ಭಾಗ ಮಾತ್ರ ಬುಡದಲ್ಲೇ ಕಟ್ಟಾಗಿ ತಿರುಗಿ ಪಕ್ಕಕ್ಕೆ ಹೊರಟುಬಿಡುತ್ತದೆ. ಹೀಗೆ ತಿರುಗುವುದರಿಂದ ಸ್ವಂತ ಪರಾಗದಿಂದ ದೂರ ಉಳಿಯುತ್ತದೆ. ಸುತ್ತ ಹಾರುವ ಚಿಟ್ಟೆಯ ರೆಕ್ಕೆಗೆ ಪರಾಗ ತಾಗುತ್ತದೆ. ಮೇಲೆ ಬಿದ್ದ ಮಳೆ ನೀರಿಗೆ ನಿಲ್ಲಲು ಜಾಗವೇ ಇಲ್ಲ, ಎಸಳಿನ ಗುಂಟ ಇಳಿದು ತೊಟ್ಟಿಕ್ಕುತ್ತದೆ.

ಉಳಿದ ಆಕಾರಗಳನ್ನು ಬೇಗ ಹೇಳಿಬಿಡುತ್ತೇನೆ. ಜೇಡದ ಕಾಲಿನ ಹಾಗೆ ಸಪೂರ ಬಿಳಿ ಎಸಳು ಇದ್ದರೆ ಅದು ಸ್ಪೈಡರ್ ಲಿಲ್ಲಿಯೋ ಕ್ರೈನಮ್ಮೋ ಅಂತ ಗೊಂದಲ ಆಗುತ್ತದೆ. ನಡುವೆ ತೆಳ್ಳಗಿನ ಬಿಳಿ ಬಟ್ಟಲು ಇದ್ದು ಅದರ ಅಂಚಿನಿಂದ ಕೇಸರ ಎದ್ದಿದ್ದರೆ ಸ್ಪೈಡರ್ ಲಿಲ್ಲಿ. ಬಟ್ಟಲು ಇಲ್ಲದಿದ್ದರೆ ಕ್ರೈನಮ್. ಎರಡೂ ಜವುಗು ಜಾಗಕ್ಕೆ, ತೋಟದ ಕಾದಿಗೆ ಅಂಚಿಗೆ ಸರಿ. ಚೆಂಡಿನ ಆಕಾರ ಬೇಕಾದರೆ ಫುಟ್‌ಬಾಲ್ ಲಿಲ್ಲಿ. ಮೇ ತಿಂಗಳ ಮಳೆ ಬಿದ್ದ ಕೂಡಲೇ ಎಲೆಗಿಂತ ಮೊದಲು ದಂಟು ಬಂದು ನೂರಾರು ಪುಟ್ಟ ಕೆಂಪು ಹೂ ಸೇರಿ ಒಂದು ಚೆಂಡಾಗುತ್ತದೆ. ಸಣ್ಣ ಲೋಟದ ಆಕಾರದ ರೈನ್ ಲಿಲ್ಲಿ ಹಗಲು ಬಿಚ್ಚಿ ಸಂಜೆ ಮುಚ್ಚಿಕೊಳ್ಳುತ್ತದೆ. ಒಂದೆರಡು ದಿನದ ಹೂ, ಆದರೆ ಸಾಲಾಗಿ ನೆಟ್ಟರೆ ಒಟ್ಟಿಗೇ ಏಳುತ್ತದೆ. ಅಡಿಕೆ ಮರದ ನೆರಳಿಗೆ ಯೂಕರಿಸ್ ಲಿಲ್ಲಿ. ಬಿಳಿ ಹೂ, ಮಧ್ಯೆ ಹಸಿರು ಛಾಯೆಯ ಬಟ್ಟಲು, ತಲೆ ಸ್ವಲ್ಪ ಬಗ್ಗಿಸಿಕೊಂಡಿರುತ್ತದೆ. ಬಿಸಿಲು ಬಿದ್ದರೆ ಎಲೆ ಸುಡುತ್ತದೆ.

ಎಲ್ಲಿ ನಿಂತು ನೋಡುತ್ತೀರೋ ಅಲ್ಲಿಗೆ ತಕ್ಕ ಹೂ

ಮಲೆನಾಡಿನ ಮನೆಗೆ ಒಂದು ಅನುಕೂಲ ಇದೆ. ನಮ್ಮಲ್ಲಿ ನೆಲ ಸಮತಟ್ಟಾಗಿರುವುದಿಲ್ಲ. ಹಿಂದೆ ಧರೆ, ಮುಂದೆ ಮೆಟ್ಟಿಲು, ಅದರ ಕೆಳಗೆ ಅಂಗಳ, ಅದಕ್ಕೂ ಕೆಳಗೆ ತೋಟ. ಲಿಲ್ಲಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ.

ತಲೆ ಬಗ್ಗಿಸಿದ ಹೂವನ್ನು ಧರೆಯ ಮೇಲೆ ನೆಡಿ. ಟೈಗರ್ ಲಿಲ್ಲಿ, ಗೌರಿ ಹೂ ನಮ್ಮ ತಲೆಗಿಂತ ಎತ್ತರದಲ್ಲಿದ್ದರೆ ಅವುಗಳ ಮುಖ ನೇರ ನಮ್ಮ ಕಡೆಗೆ ಇರುತ್ತದೆ. ಅದೇ ಹೂವನ್ನು ಅಂಗಳದ ಮಡಿಯಲ್ಲಿ ನೆಟ್ಟರೆ ಕಾಣುವುದು ಬೆನ್ನು ಮಾತ್ರ. ಗೌರಿ ಹೂವಿಗೆ ಎಲೆಯ ತುದಿಯೇ ಕೊಕ್ಕೆಯಾಗಿ ಸುತ್ತಿಕೊಳ್ಳುವುದರಿಂದ ಹತ್ತಲು ಸಪೂರ ಆಸರೆ ಬೇಕು. ದಪ್ಪ ಕಂಬ ಕೊಟ್ಟರೆ ಹತ್ತುವುದಿಲ್ಲ. ಬಿದಿರಿನ ಸೀಳು ಅಥವಾ ಗಿಡದ ಒಣ ರೆಂಬೆ ಸಾಕು.

ಮೇಲೆ ನೋಡುವ ಹೂ ಮೆಟ್ಟಿಲ ಪಕ್ಕ, ನಾವು ಬಗ್ಗಿ ನೋಡುವ ಕಡೆ ಇರಲಿ. ರೈನ್ ಲಿಲ್ಲಿ ಅಂತೂ ದಾರಿಯ ಅಂಚಿಗೆ. ಕಹಳೆಗೆ ಪಕ್ಕದ ನೋಟ ಚಂದ, ಆದ್ದರಿಂದ ಜಗಲಿಯಲ್ಲಿ ಕೂತರೆ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಕಟ್ಟೆಯ ಮೇಲೆ ಕುಂಡದಲ್ಲಿಡಿ. ಸಂಜೆಯ ವಾಸನೆ ಜಗಲಿಗೇ ಬರುತ್ತದೆ. ಫುಟ್‌ಬಾಲ್ ಲಿಲ್ಲಿಯ ಚೆಂಡು ಎಲ್ಲಾ ಕಡೆಯಿಂದಲೂ ಒಂದೇ, ಅದನ್ನು ಎಲ್ಲಿಟ್ಟರೂ ನಡೆಯುತ್ತದೆ.

ಒಂದೇ ಮಡಿಯಲ್ಲಿ ಎಲ್ಲ ಆಕಾರ ಬೆರೆಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡ ಕಹಳೆಯ ಪಕ್ಕ ಜೇಡದ ಆಕಾರದ್ದು ಕಾಣದೇ ಹೋಗುತ್ತದೆ. ಒಂದು ಆಕಾರದ ಐದು ಗೆಡ್ಡೆ ಒಂದೇ ಕಡೆ ಗುಂಪಾಗಿ ಇರಲಿ, ಸುತ್ತ ಜರೀಗಿಡ ಇರಲಿ. ಜರೀಗಿಡದ ಹಸಿರಿನ ಮುಂದೆ ಬಿಳಿ ಸ್ಪೈಡರ್ ಲಿಲ್ಲಿಯ ಒಂದೊಂದು ಎಸಳೂ ಎದ್ದು ಕಾಣುತ್ತದೆ.

ನೆಡುವುದು

ನಮ್ಮ ಮಣ್ಣಿನಲ್ಲಿ ಲಿಲ್ಲಿ ಸಾಯುವುದು ನೀರಿಲ್ಲದೆ ಅಲ್ಲ, ನೀರು ನಿಂತು. ಮಡಿಯನ್ನು ನೆಲದಿಂದ ಒಂದು ಅಡಿ ಎತ್ತರಿಸಿ. ಅಡಿಗೆ ಒಡೆದ ಹೆಂಚಿನ ಚೂರು ಅಥವಾ ಜಂಬಿಟ್ಟಿಗೆ ಕಲ್ಲಿನ ಪುಡಿ ನಾಲ್ಕು ಇಂಚು. ಅದರ ಮೇಲೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹೊಳೆ ಮರಳು, ಒಂದು ಪಾಲು ಹಳೆಯ ಗೊಬ್ಬರ. ಗೊಬ್ಬರ ಚೆನ್ನಾಗಿ ಕಳಿತು ಮಣ್ಣಿನ ವಾಸನೆ ಬರುತ್ತಿರಬೇಕು. ಹಸಿ ಸಗಣಿ ತಾಗಿದರೆ ಗೆಡ್ಡೆ ಕೊಳೆಯುತ್ತದೆ. ಸೂರಿನ ನೀರು ಬೀಳುವ ಸಾಲಿನಲ್ಲಿ ಯಾವ ಗೆಡ್ಡೆಯನ್ನೂ ನೆಡಬೇಡಿ.

ಆಳದ ವಿಷಯದಲ್ಲೇ ಜಾಸ್ತಿ ಜನ ತಪ್ಪುವುದು. ನಿಜವಾದ ಲಿಲ್ಲಿಯನ್ನು ಆಳಕ್ಕೆ ನೆಡಬೇಕು, ಗೆಡ್ಡೆಯ ಮೇಲೆ ನಾಲ್ಕರಿಂದ ಆರು ಇಂಚು ಮಣ್ಣು ಬರಬೇಕು. ಯಾಕೆಂದರೆ ಇದರ ಕಾಂಡ ಗೆಡ್ಡೆಯ ಮೇಲ್ಭಾಗದಲ್ಲೂ ಬೇರು ಬಿಡುತ್ತದೆ, ಊಟ ಎಳೆಯುವುದೂ ಗಿಡವನ್ನು ಹಿಡಿದು ನಿಲ್ಲಿಸುವುದೂ ಆ ಬೇರುಗಳೇ. ಹಿಪ್ಪಿಯಾಸ್ಟ್ರಮ್ ಇದಕ್ಕೆ ತದ್ವಿರುದ್ಧ. ಗೆಡ್ಡೆಯ ಕುತ್ತಿಗೆ ಮತ್ತು ಭುಜ ಮಣ್ಣಿನ ಹೊರಗಿರಬೇಕು. ಪೂರ್ತಿ ಹೂತರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಕ್ರೈನಮ್‌ಗೂ ಕುತ್ತಿಗೆ ಹೊರಗೆ. ರೈನ್ ಲಿಲ್ಲಿಗೆ ಒಂದೆರಡು ಇಂಚು ಸಾಕು. ಗೌರಿ ಹೂವಿನ ಗೆಡ್ಡೆಯನ್ನು ಮಲಗಿಸಿ ಮೂರು ಇಂಚು ಮಣ್ಣು ಮುಚ್ಚಿ. ಮೊಳಕೆ ಇರುವುದು ಅದರ ತುದಿಯಲ್ಲಿ, ತುದಿ ಮುರಿದರೆ ಆ ತುಂಡು ಚಿಗುರುವುದಿಲ್ಲ.

ಬಟ್ಟಲು ಲಿಲ್ಲಿಗೆ ಚಳಿಗಾಲದ ಲೆಕ್ಕ

ಏಷಿಯಾಟಿಕ್, ಓರಿಯೆಂಟಲ್ ಲಿಲ್ಲಿಗಳನ್ನು ನಾನೀಗ ದೀಪಾವಳಿ ಆಸುಪಾಸಿನಲ್ಲಿ, ಮಳೆ ಪೂರ್ತಿ ಬಿಟ್ಟ ಮೇಲೆ ನೆಡುತ್ತೇನೆ. ಏಷಿಯಾಟಿಕ್ ಸುಮಾರು ಎರಡೂವರೆ ಮೂರು ತಿಂಗಳಿಗೆ ಹೂ ಬಿಡುತ್ತದೆ, ಓರಿಯೆಂಟಲ್ ಇನ್ನೊಂದು ತಿಂಗಳು ಜಾಸ್ತಿ ತೆಗೆದುಕೊಳ್ಳುತ್ತದೆ. ಅಂದರೆ ಜನವರಿ, ಫೆಬ್ರವರಿ, ಮಾರ್ಚ್. ರಾತ್ರಿ ತಂಪು, ಆಕಾಶ ಖಾಲಿ, ಮೇಲೆ ನೋಡುವ ಹೂವಿಗೆ ಬೀಳುವುದು ಇಬ್ಬನಿ ಮಾತ್ರ. ಬುಡಕ್ಕೆ ದರಗು ಮುಚ್ಚಿ, ತಲೆಗೆ ಬೆಳಗಿನ ಬಿಸಿಲು ಬೀಳಲಿ. ಮಧ್ಯಾಹ್ನದ ಬಿಸಿಲು ಬೇಡ.

ಈ ಲಿಲ್ಲಿಗಳಿಗೆ ಹೂ ಕಟ್ಟಬೇಕಾದರೆ ಮೊದಲು ಚಳಿ ತಾಗಬೇಕು. ಪೇಟೆಯಲ್ಲಿ ಸಿಗುವ ಗೆಡ್ಡೆಗಳು ಶೀತಲ ಕೋಣೆಯಲ್ಲಿದ್ದು ಬಂದಿರುತ್ತವೆ, ಹಾಗಾಗಿ ಮೊದಲ ವರ್ಷ ಖಂಡಿತ ಅರಳುತ್ತವೆ. ಎರಡನೇ ವರ್ಷ ಹೂ ಬರಲಿಲ್ಲ ಅಂತ ಬೇಸರ ಮಾಡಿಕೊಳ್ಳುವವರೇ ಜಾಸ್ತಿ. ನಮ್ಮ ಚಳಿ ಅದಕ್ಕೆ ಸಾಲುವುದಿಲ್ಲ. ಹೂ ಮುಗಿದ ಮೇಲೆ ಎಲೆ ಕತ್ತರಿಸದೆ, ತಾನಾಗಿ ಹಳದಿಯಾಗುವವರೆಗೂ ನೀರು ಕೊಡಿ. ಮುಂದಿನ ವರ್ಷದ ಗೆಡ್ಡೆ ಆಗ ತುಂಬಿಕೊಳ್ಳುತ್ತದೆ. ಮಳೆ ಹಿಡಿಯುವ ಮುಂಚೆ ಕುಂಡವನ್ನು ನೀರು ಬೀಳದ ಕಡೆ ಸರಿಸಿ, ಮಣ್ಣು ಪೂರ್ತಿ ಒಣಗದಷ್ಟು ತೇವ ಇಡಿ. ಆಗಸ್ಟ್ ಕೊನೆಗೆ ಗೆಡ್ಡೆ ತೆಗೆದು, ಸ್ವಲ್ಪ ತೇವದ ತೆಂಗಿನ ನಾರಿನ ಪುಡಿಯಲ್ಲಿ ಸುತ್ತಿ, ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿಡಿ. ಆರರಿಂದ ಎಂಟು ವಾರ. ಪಕ್ಕದಲ್ಲಿ ಬಾಳೆಹಣ್ಣು, ಸೇಬು ಇರಬಾರದು, ಹಣ್ಣಿನಿಂದ ಬರುವ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಮನೆಯವರಿಗೆಲ್ಲ ಹೇಳಿ ಚೀಟಿ ಅಂಟಿಸಿ, ಯಾರಾದರೂ ಬೆಳ್ಳುಳ್ಳಿ ಅಂದುಕೊಂಡಾರು.

ಮಳೆಗಾಲದ ಕಾವಲು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದರಗನ್ನು ಗೆಡ್ಡೆಯ ಕುತ್ತಿಗೆಯಿಂದ ದೂರ ಸರಿಸಿ. ಇಲ್ಲದಿದ್ದರೆ ಅದರಡಿ ಬಸವನಹುಳು ಸಂಸಾರ ಹೂಡುತ್ತದೆ. ಇನ್ನೊಂದು ಶತ್ರು, ಕಪ್ಪು ಮೈಯ ಮೇಲೆ ಬಿಳಿ ಮತ್ತು ಕೆಂಪು ಚುಕ್ಕೆಯ ಕಂಬಳಿಹುಳು. ಇದು ಒಂದು ಪತಂಗದ ಮರಿ. ಗೌರಿ ಹೂ, ಸ್ಪೈಡರ್ ಲಿಲ್ಲಿ, ಕ್ರೈನಮ್ ಎಲ್ಲ ಇದಕ್ಕೆ ಇಷ್ಟ. ಗುಂಪಾಗಿ ಬಂದರೆ ಎರಡು ಮೂರು ದಿನದಲ್ಲಿ ಎಲೆ ಖಾಲಿ. ಬೆಳಿಗ್ಗೆ ಎಲೆಯ ಅಡಿ ಮಗುಚಿ ನೋಡಿ, ಕೈಯಿಂದ ತೆಗೆದು ಸೋಪಿನ ನೀರಿಗೆ ಹಾಕಿ. ಸಣ್ಣ ಹುಳುವಾಗಿದ್ದಾಗ ಲೀಟರಿಗೆ ಐದು ಮಿಲಿ ಬೇವಿನೆಣ್ಣೆಯನ್ನು ನಾಲ್ಕು ಹನಿ ಸೋಪು ಸೇರಿಸಿ ಕಲಕಿ ಸಿಂಪಡಿಸಿದರೂ ಸಾಕಾಗುತ್ತದೆ, ಮಳೆ ಹೊಳವಾದ ಸಂಜೆ ನೋಡಿ ಸಿಂಪಡಿಸಬೇಕು ಅಷ್ಟೇ.

ಕೊಯ್ಯುವಾಗ, ಮತ್ತು ಮನೆಯಲ್ಲಿ ಬೆಕ್ಕಿದ್ದರೆ

ಹೂದಾನಿಗೆ ಲಿಲ್ಲಿ ಕೊಯ್ಯುವುದಾದರೆ ಮೊದಲ ಮೊಗ್ಗು ಬಣ್ಣ ತಿರುಗಿದಾಗ ಕೊಯ್ಯಿರಿ. ಕಾಂಡದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ, ಉಳಿದ ಎಲೆ ಗೆಡ್ಡೆಗೆ ಬೇಕು. ಹೂ ಬಿಚ್ಚಿದ ಕೂಡಲೇ ಪರಾಗದ ಚೀಲಗಳನ್ನು ಬೆರಳಿಂದ ಕಿತ್ತುಬಿಡಿ. ಸೀರೆಗೆ, ಅಂಗಿಗೆ ಪರಾಗ ತಾಗಿದರೆ ನೀರು ಹಾಕಿ ಉಜ್ಜಬಾರದು, ಕಲೆ ಕೂತುಬಿಡುತ್ತದೆ. ಒಣಗಿದಂತೆಯೇ ಬಿಟ್ಟು ಅಂಟುಪಟ್ಟಿ ಒತ್ತಿ ಎತ್ತಿದರೆ ಬರುತ್ತದೆ.

ನಿಜವಾದ ಲಿಲ್ಲಿ ಮತ್ತು ಡೇ ಲಿಲ್ಲಿ ಬೆಕ್ಕಿಗೆ ವಿಷ. ಎಲೆ, ಹೂ, ಮೈಗೆ ತಾಗಿ ನೆಕ್ಕಿದ ಪರಾಗ, ಹೂದಾನಿಯ ನೀರು ಯಾವುದಾದರೂ ಸಾಕು, ಮೂತ್ರಪಿಂಡ ಕೆಟ್ಟು ಸಾಯುತ್ತದೆ. ಬೆಕ್ಕು ಇರುವ ಮನೆಯಲ್ಲಿ ಇವನ್ನು ಬೆಳೆಸಲೇಬೇಡಿ. ತಿಂದದ್ದು ಕಂಡರೆ ಕಾಯದೆ ಪಶುವೈದ್ಯರ ಬಳಿ ಹೋಗಿ.

ಗೌರಿ ಹೂವಿನ ಗಿಡದಲ್ಲಿ ಕೋಲ್ಚಿಸಿನ್ ಎಂಬ ವಿಷ ಇದೆ, ಗೆಡ್ಡೆಯಲ್ಲಂತೂ ಮನುಷ್ಯನನ್ನು ಕೊಲ್ಲುವಷ್ಟು. ಹಬ್ಬದ ದಿನ ಗೌರಿಗೆ ಏರಿಸಲು ಮಕ್ಕಳೇ ಹೂ ಕೊಯ್ಯಲು ಓಡುತ್ತಾರೆ. ನಮ್ಮ ಅಜ್ಜಿ ಹೂ ಕೊಯ್ದು ಬಂದ ಮಕ್ಕಳನ್ನು ಕೈ ತೊಳೆಯದೆ ಅಡುಗೆಮನೆಗೆ ಬಿಡುತ್ತಿರಲಿಲ್ಲ, ನಾನೂ ಬಿಡುವುದಿಲ್ಲ. ತಿನ್ನುವ ಗೆಡ್ಡೆ ಗೆಣಸು ಬೆಳೆಯುವ ಜಾಗದ ಹತ್ತಿರ ಇದನ್ನು ನೆಡಬೇಡಿ. ನವೆಂಬರ್ ಹೊತ್ತಿಗೆ ಬಳ್ಳಿ ಒಣಗಿ ಗುರುತೇ ಸಿಗದ ಹಾಗೆ ಆಗುತ್ತದೆ. ಅದಕ್ಕೂ ಮುಂಚೆ ಬುಡದ ಪಕ್ಕ ಒಂದು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿ, ತೋಟದ ಕೆಲಸಕ್ಕೆ ಬರುವವರಿಗೂ ತೋರಿಸಿಡಿ. ಬೇಸಿಗೆಯಲ್ಲಿ ಅಲ್ಲಿಗೆ ನೀರು ಬೇಡ. ಮೇ ಕೊನೆಗೆ ಮಳೆ ಬಿದ್ದ ಮೇಲೆ ಆ ಗೂಟದ ಬುಡ ನೋಡುತ್ತಾ ಇರಿ, ಹಸಿರು ಮೊಳಕೆ ಬಂದ ದಿನವೇ ಬಿದಿರಿನ ಸೀಳು ನೆಟ್ಟುಬಿಡಿ.